ಅಪ್ಪನ ಅಟ್ಟಣೆಗೆ ಒಂದು ರಾತ್ರಿಗೆ ಎಷ್ಟು?

2025ರ ನವೆಂಬರ್ ಮೊದಲ ವಾರ ನಮ್ಮ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಗಲಾಟೆ. ಎಂಟು ಜನ ಸೇರಿ ಕಬಿನಿಯಲ್ಲಿ ಎರಡು ರಾತ್ರಿಗೆ ರೂಮು ಬುಕ್ ಮಾಡಿದ್ದರು. ಅಷ್ಟರಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ನಾಗರಹೊಳೆ, ಬಂಡೀಪುರದಲ್ಲಿ ಸಫಾರಿ ಬಂದ್ ಅಂದುಬಿಟ್ಟರು. ‘ರೀಫಂಡ್ ಕೊಡ್ತಾರಾ?’ ಅಂತ ಒಬ್ಬ. ‘ಸಫಾರಿ ಇಲ್ಲ ಅಂದ್ಮೇಲೆ ಅಲ್ಲಿ ಹೋಗಿ ಏನ್ ಮಾಡೋದು, ಸ್ವಿಮ್ಮಿಂಗ್ ಪೂಲ್ ನಮ್ಮ ಅಪಾರ್ಟ್‌ಮೆಂಟಲ್ಲೇ ಇದೆ’ ಅಂತ ಇನ್ನೊಬ್ಬಳು. ‘ಇದೆಲ್ಲಾ ಪಾಲಿಟಿಕ್ಸ್, ವೋಟ್ ಬ್ಯಾಂಕ್’ ಅಂತ ಮತ್ತೊಬ್ಬ. ಸಂಜೆ ಹೊತ್ತಿಗೆ ನೂರಾರು ಮೆಸೇಜು. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಕ್ಯಾಬಿನಲ್ಲಿ ಕೂತು ಅಷ್ಟನ್ನೂ ಓದಿದೆ. ಸಫಾರಿ ಯಾಕೆ ನಿಂತಿತು ಅನ್ನೋದನ್ನ ಒಬ್ಬರೂ ಬರೆದಿರಲಿಲ್ಲ.

ನಿಂತದ್ದು ಯಾಕೆಂದರೆ ಸರಗೂರು ಕಡೆ ಕಾಡಂಚಿನ ಊರುಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹುಲಿ ದಾಳಿಗೆ ರೈತರು ಸತ್ತಿದ್ದರು. ಜನ ರೊಚ್ಚಿಗೆದ್ದಿದ್ದರು. ಸಫಾರಿ ನಿಲ್ಲಿಸಿ, ಆ ಜೀಪು, ಆ ಡ್ರೈವರು, ಆ ಸಿಬ್ಬಂದಿಯನ್ನ ಹುಲಿ ಹಿಡಿಯೋ ಕೆಲಸಕ್ಕೆ ಹಚ್ಚಿ ಅಂತ ಸಚಿವರು ಹೇಳಿದ್ದರು. ಅಷ್ಟೇ ವಿಷಯ. ಹೊಲದಲ್ಲಿ ಹೆಣ ಬಿದ್ದ ವಾರ ನಾವು ರೀಫಂಡಿನ ಬಗ್ಗೆ ಮಾತಾಡ್ತಾ ಇದ್ದೆವು. ‘ನಾವು’ ಅಂತಲೇ ಬರೀತೀನಿ. ಆ ಗುಂಪಿನಲ್ಲಿ ನಾನೂ ಇದ್ದೆ, ಬಾಯಿ ಬಿಡಲಿಲ್ಲ.

ನನ್ನ ಊರು ಗುಂಡ್ಲುಪೇಟೆ ತಾಲ್ಲೂಕು. ನಮ್ಮ ಹೊಲ ದಾಟಿದರೆ ಒಂದು ಆನೆ ಕಂದಕ, ಕಂದಕ ದಾಟಿದರೆ ಬಂಡೀಪುರ. ಮೂರು ಎಕರೆ ಚಿಲ್ರೆ, ಮಳೆ ನಂಬಿದ ಭೂಮಿ. ಜೋಳ, ರಾಗಿ, ಹಿಂಗಾರಿಗೆ ಹುರುಳಿ. ಹೊಲದ ಮೂಲೆಯ ಹುಣಸೆ ಮರದ ಮೇಲೆ ಅಪ್ಪ ಕಟ್ಟಿದ ಅಟ್ಟಣೆ. ನಾಲ್ಕು ಬಿದಿರು ಗಳ, ಮೇಲೆ ಹುಲ್ಲು, ಆಮೇಲೆ ಯಾವುದೋ ಸಿನಿಮಾದ ಹಳೇ ಫ್ಲೆಕ್ಸು. ಕಾಳು ಕಟ್ಟೋ ಹೊತ್ತಿಗೆ ಶುರುವಾದರೆ ಕೊಯ್ಲು ಮುಗಿಯೋತನಕ ಅಪ್ಪನ ರಾತ್ರಿ ಅಲ್ಲೇ. ನಾನು ಎಂಟನೇ ಕ್ಲಾಸಿನಿಂದ ಪಿಯುಸಿವರೆಗೂ ಅಪ್ಪನ ಜೊತೆ ಮಲಗಿದ್ದೀನಿ. ಮಲಗಿದ್ದೀನಿ ಅನ್ನೋದು ಸುಮ್ನೆ ಮಾತಿಗೆ. ಹಂದಿ ಬಂದರೆ ತಗಡು ಬಡಿಯೋದು, ಆನೆ ಬಂದರೆ ಪಟಾಕಿ ಹಚ್ಚೋದು, ಪಕ್ಕದ ಹೊಲದೋರಿಗೆ ಕೂಗು ಹಾಕೋದು. ಬ್ಯಾಟ್ರಿ ಬೆಳಕು ಆನೆಯ ಕಣ್ಣಿಗೆ ಬಿಟ್ಟರೆ ನಮ್ಮ ಕಡೆಗೇ ತಿರುಗುತ್ತೆ, ಪಕ್ಕಕ್ಕೆ ಬಿಡು ಅಂತ ಅಪ್ಪ ಹೇಳಿಕೊಡ್ತಿದ್ದ. ಎಸ್ಸೆಸ್ಸೆಲ್ಸಿ ಗಣಿತವನ್ನ ಆ ಬ್ಯಾಟ್ರಿ ಬೆಳಕಲ್ಲೇ ಓದಿದೆ ಅಂತ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತೆ, ಆದರೆ ಸುಳ್ಳು. ಸೆಲ್ ಖರ್ಚಾಗುತ್ತೆ ಅಂತ ಅಪ್ಪ ಓದೋಕೆ ಬಿಡ್ತಿರಲಿಲ್ಲ. ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಿ ಮೇಷ್ಟರ ಹತ್ರ ಏಟು ತಿಂದಿದ್ದು ಮಾತ್ರ ನಿಜ.

ಆ ಅಟ್ಟಣೆಯನ್ನ ನಾನು ಮತ್ತೆ ನೋಡಿದ್ದು ಕಬಿನಿಯಲ್ಲಿ, ಎರಡು ವರ್ಷದ ಹಿಂದೆ. ಕಂಪನಿಯೋರು ಆಫ್‌ಸೈಟ್ ಅಂತ ಕರ್ಕೊಂಡು ಹೋಗಿದ್ದರು. ಎಲೆಕ್ಟ್ರಾನಿಕ್ ಸಿಟಿಯಿಂದ ನೈಸ್ ರೋಡು, ಅಲ್ಲಿಂದ ಮೈಸೂರು, ಎಚ್.ಡಿ.ಕೋಟೆ, ಅಂತರಸಂತೆ. ಮಾರ್ಚ್ ತಿಂಗಳು. ಹಿನ್ನೀರು ಇಳಿದು, ಇಳಿದ ಜಾಗದಲ್ಲೆಲ್ಲಾ ಹಸಿ ಹುಲ್ಲು ಚಿಗುರಿ, ಆನೆಗಳು ಹಿಂಡು ಹಿಂಡಾಗಿ ಬರೋ ಕಾಲ. ಬೇಸಿಗೆಯಲ್ಲಿ ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೇ ಕಡೆ ಸೇರೋ ಜಾಗಗಳು ತೀರಾ ಕಮ್ಮಿ. ಅದನ್ನು ನೋಡಿ ಖುಷಿಪಡದವನು ಮನುಷ್ಯನೇ ಅಲ್ಲ, ನಾನೂ ಖುಷಿಪಟ್ಟೆ. ರೆಸಾರ್ಟಿನಲ್ಲಿ ಮರಕ್ಕೆ ಆತುಕೊಂಡು ಒಂದು ಎತ್ತರದ ಮಂಟಪ. ಬಿದಿರು ಗಳ, ಹುಲ್ಲಿನ ಮಾಡು, ಹತ್ತೋಕೆ ಏಣಿ. ಅಪ್ಪನದೇ ಅಟ್ಟಣೆ, ಫ್ಲೆಕ್ಸ್ ಒಂದಿಲ್ಲ! ಅದರ ಮೇಲೆ ಇಬ್ಬರಿಗೆ ಮೇಣದಬತ್ತಿ ಊಟ. ರೂಮಿನ ಬಾಡಿಗೆ ಅಲ್ಲದೆ ಅದಕ್ಕೆ ಬೇರೆ ದುಡ್ಡು. ಊಟದ ಜಾಗಕ್ಕೆ ‘ಬೋಮಾ’ ಅಂತ ಹೆಸರು. ಬೋಮಾ ಅಂದರೆ ಪೂರ್ವ ಆಫ್ರಿಕಾದಲ್ಲಿ ಮುಳ್ಳುಬೇಲಿ ಹಾಕಿದ ದನದ ದೊಡ್ಡಿ. ಗೋಡೆ ಮೇಲೆ ಮಸಾಯಿ ಮುಖವಾಡ, ಸೋಫಾ ಮೇಲೆ ಜೀಬ್ರಾ ಪಟ್ಟೆ, ಜೀಪಿನ ಡ್ರೈವರಿಗೆ ಖಾಕಿ ಟೋಪಿ. ಇನ್ನೊಂದು ಕಡೆ ಕಾಟೇಜುಗಳನ್ನ ಕುರುಬರ ಹಾಡಿಯ ಥರ ಕಟ್ಟಿದ್ದಾರೆ, ಒಳಗೆ ಏಸಿ. ರಾತ್ರಿ ಬೆಂಕಿ ಹಾಕಿ ಆದಿವಾಸಿ ಕುಣಿತ. ಹತ್ತು ನಿಮಿಷ, ಆಮೇಲೆ ನಮ್ಮ ಎಚ್ಆರ್ ಮೇಡಂ ಅವರ ಜೊತೆ ಸೆಲ್ಫಿ.

ಮಾರನೇ ಬೆಳಿಗ್ಗೆ ಕಾಫಿ ತಂದ ಹುಡುಗ ನಾನು ಫೋನಲ್ಲಿ ಅವ್ವನ ಹತ್ರ ಮಾತಾಡೋದನ್ನ ಕೇಳಿಸಿಕೊಂಡು ನಿಂತ. ಫೋನಿಟ್ಟ ಮೇಲೆ ಮೆಲ್ಲಗೆ, ‘ನಮ್ ಕಡೆಯೋರಾ ಸಾ ನೀವು?’ ಅಂದ. ಅಂತರಸಂತೆ ಹತ್ತಿರದೋನು. ಡಿಪ್ಲೊಮಾ ಅರ್ಧಕ್ಕೆ ಬಿಟ್ಟಿದ್ದ. ‘ಬೆಳೆ ಹೆಂಗದೆ?’ ಅಂತ ಕೇಳಿದೆ. ‘ಈ ಸಲ ರಾಗಿ ಕೈಗೆ ಹತ್ನಿಲ್ಲ ಸಾ. ಮೂರು ಆನೆ ಬಂದು ಒಂದೇ ರಾತ್ರೀಲಿ ತುಳ್ದಾಕ್ಬುಟ್ಟವು. ನಂಗೆ ಇಲ್ಲಿ ನೈಟ್ ಡ್ಯೂಟಿ ಇತ್ತು, ನಮ್ಮಪ್ಪ ಒಬ್ನೇ ಇದ್ದ’ ಅಂದ. ಆ ರಾತ್ರಿ ಆನೆಗಳು ನಮ್ಮಂಥ ಗೆಸ್ಟುಗಳಿಗೆ ಕಾಣಿಸಿದವಾ ಅಂತ ಕೇಳಿದೆ. ‘ಊಂ ಸಾ, ಸಂಜೆ ಬೋಟ್ ಸಫಾರೀಲಿ. ಎಲ್ರೂ ಪೋಟೊ ತಗುದ್ರು.’ ಪರಿಹಾರಕ್ಕೆ ಅರ್ಜಿ ಹಾಕಿದ್ಯಾ ಅಂದೆ. ಪಹಣಿ ಇನ್ನೂ ತಾತನ ಹೆಸರಲ್ಲಿದೆಯಂತೆ. ಖಾತೆ ಆಗದೆ ಪರಿಹಾರ ಇಲ್ಲ, ಚಿಕ್ಕಪ್ಪಂದಿರು ಸಹಿ ಹಾಕದೆ ಖಾತೆ ಇಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದ, ಹುಡುಗ ‘ಎಂಜಾಯ್ ಯುವರ್ ಸ್ಟೇ ಸರ್’ ಅಂದು ಹೋದ.

ಊರಿಗೆ ಹೋದಾಗ ಅಪ್ಪ ಕೇಳಿದ: ‘ದುಡ್ ಕೊಟ್ಟು ಆನೆ ನೋಡಕ್ಕೆ ಓಗಿದ್ಯಂತಲ್ಲಾ? ಇಲ್ಗೆ ಬಂದಿದ್ರೆ ಸುಮ್ಗೆ ತೋರುಸ್ತಿದ್ನಲ್ಲ.’

ಈ ಆಫ್ರಿಕಾ ವೇಷದ ಬಗ್ಗೆ ಒಂದು ಮಾತು ಹೇಳಬೇಕು, ಯಾಕೆಂದರೆ ಅಸಲಿಯನ್ನೂ ನಾನು ನೋಡಿದ್ದೀನಿ. 2018ರಲ್ಲಿ ಐದು ತಿಂಗಳು ಜೊಹಾನ್ಸ್‌ಬರ್ಗಿನಲ್ಲಿ ಆನ್‌ಸೈಟ್ ಇದ್ದೆ. ಒಂದು ಲಾಂಗ್ ವೀಕೆಂಡು ಅಲ್ಲಿನ ಸಹೋದ್ಯೋಗಿಗಳ ಜೊತೆ ಉತ್ತರಕ್ಕೆ, ಲಿಂಪೊಪೊ ಪ್ರಾಂತ್ಯದ ಒಂದು ಗೇಮ್ ರಾಂಚಿಗೆ ಹೋದೆವು. ಟಾರು ರೋಡು ಮುಗಿದ ಮೇಲೆ ಮುಕ್ಕಾಲು ಗಂಟೆ ಮಣ್ಣು ರೋಡು, ಒಂದು ಅಂಗಡಿ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಕೊನೆಗೊಂದು ಗೇಟು. ಗೇಟಿನ ಎರಡೂ ಕಡೆ ಕಣ್ಣು ಹಾಯೋ ತನಕ ಆಳೆತ್ತರ ಮೀರಿದ ತಂತಿ ಬೇಲಿ, ಕರೆಂಟು ಹರೀತಿರೋದು. ಒಳಗೆ ಹುಲ್ಲಿನ ಮಾಡಿನ ಗುಂಡು ಗುಡಿಸಲುಗಳು. ಸ್ನಾನಕ್ಕೆ ಬಿಸಿನೀರು ಹೊರಗಡೆ ಕಟ್ಟಿಗೆ ಒಲೆ ಮೇಲಿನ ಡ್ರಮ್ಮಿನಿಂದ. ಅದಕ್ಕೆ ಅವರು ‘ಡಾಂಕಿ’ ಅಂತಾರೆ. ನಮ್ಮೂರ ಹಂಡೆ ಒಲೆ ನೆನಪಾಗಿ ಅಲ್ಲೇ ಕೂತುಬಿಟ್ಟೆ. ರಾತ್ರಿ ಹೊರಗೆ ಕೂತರೆ ಅಷ್ಟು ನಕ್ಷತ್ರ. ನಮ್ಮ ಅಟ್ಟಣೆ ಬಿಟ್ಟರೆ ಇನ್ನೆಲ್ಲೂ ನಾನು ಅಷ್ಟು ನೋಡಿರಲಿಲ್ಲ. ದೂರದಲ್ಲಿ ನರಿ ಕೂಗ್ತಿತ್ತು. ತಗಡು ಎಲ್ಲಿ ಅಂತ ನನ್ನ ಕೈ ಹುಡುಕ್ತಿತ್ತು.

ಊಟಕ್ಕೆ ಇಂಪಾಲ ಜಿಂಕೆಯ ಮಾಂಸ ಸುಟ್ಟರು. ‘ಇದೇ ಜಾಗದ್ದು’ ಅಂದ ಮಾಲೀಕ, ನಮ್ಮ ಮನೇಲಿ ನಮ್ಮದೇ ಕೋಳಿ ಅಂದ ಹಾಗೆ. ಮೊದಲು ದನ ಸಾಕ್ತಿದ್ದನಂತೆ. ಅದರಲ್ಲಿ ಗಿಟ್ಟಲಿಲ್ಲ, ದನ ಮಾರಿ ಕಾಡುಪ್ರಾಣಿ ತಂದು ಬಿಟ್ಟ. ಆಫೀಸ್ ರೂಮಿನ ಗೋಡೆಗೆ ರೇಟು ಪಟ್ಟಿ ಅಂಟಿಸಿತ್ತು. ಇಂಪಾಲಕ್ಕಿಷ್ಟು, ಕೂಡುವಿಗಿಷ್ಟು, ಜೀಬ್ರಾಕ್ಕಿಷ್ಟು. ಚಳಿಗಾಲದಲ್ಲಿ ಬರೋ ಬೇಟೆಗಾರರಿಗೆ. ನನಗೆ ತಲೆ ತಿರುಗಿತು. 1991ರ ಒಂದು ಕಾಯ್ದೆ ಪ್ರಕಾರ ಅಲ್ಲಿ ಸರಿಯಾದ ಬೇಲಿ ಹಾಕಿ ಸರ್ಟಿಫಿಕೇಟ್ ತಗೊಂಡರೆ ಒಳಗಿನ ಪ್ರಾಣಿಯ ಮೇಲೆ ಜಮೀನಿನವನಿಗೆ ಒಡೆತನ. ಕೊಳ್ಳಬಹುದು, ಮಾರಬಹುದು, ಹರಾಜು ಹಾಕಬಹುದು. ನಮ್ಮಲ್ಲಿ 1972ರ ಕಾಯ್ದೆ ಬಂದ ಮೇಲೆ ಇದನ್ನ ಊಹಿಸೋಕೂ ಆಗಲ್ಲ. ನಾನು ಅದು ನಮಗೆ ಬೇಕು ಅಂತಲೂ ಹೇಳ್ತಿಲ್ಲ. ಆ ಮಾಲೀಕ ಬಿಳಿಯ, ಹಾಸಿಗೆ ಮಡಚೋರು, ಕಟ್ಟಿಗೆ ಒಡೆಯೋರೆಲ್ಲಾ ಕರಿಯರು. 1913ರ ಭೂ ಕಾಯ್ದೆ ಆ ದೇಶದ ಬಹುಸಂಖ್ಯಾತರಿಗೆ ನೂರಕ್ಕೆ ಏಳರಷ್ಟು ನೆಲ ಮಾತ್ರ ಬಿಟ್ಟು ಉಳಿದದ್ದನ್ನ ಬೇರೆಯವರ ಪಾಲು ಮಾಡಿತು. ಆ ಬೇಲಿ ನಿಂತಿರೋದು ಆ ಲೆಕ್ಕದ ಮೇಲೇ.

ಆದರೂ ಒಂದು ವಿಷಯ ತಲೆಗೆ ಹೊಕ್ಕಿತು. ಅಲ್ಲಿ ಪ್ರಾಣಿ ಯಾರ ನೆಲದಲ್ಲಿ ಮೇಯುತ್ತೋ ಅವನಿಗೆ ದುಡ್ಡು ಬರುತ್ತೆ. ವಾಪಸ್ ಬಂದಮೇಲೆ ಓದಿ ನೋಡಿದೆ. ಬಿಳಿ ಮಾಲೀಕನ ಕಥೆ ಬಿಡಿ, ನಮೀಬಿಯಾದಲ್ಲಿ 1996ರಲ್ಲಿ ಕಾಯ್ದೆ ತಿದ್ದಿ ಹಳ್ಳಿಯೋರೇ ಸೇರಿ ‘ಕನ್ಸರ್ವೆನ್ಸಿ’ ಮಾಡಿಕೊಳ್ಳೋ ಹಕ್ಕು ಕೊಟ್ಟರು. ಈಗ ಅಂಥವು 80ಕ್ಕೂ ಹೆಚ್ಚಿವೆ. ಲಾಡ್ಜ್ ನಡೆಸೋ ಕಂಪನಿ ಹಳ್ಳಿಯೋರ ಜೊತೆ ಒಪ್ಪಂದ ಮಾಡಿಕೊಂಡು ಪಾಲು ಕೊಡಬೇಕು. ಕೀನ್ಯಾದ ಮಸಾಯಿ ಮಾರಾ ಪಕ್ಕದಲ್ಲಿ ಮಸಾಯಿ ಕುಟುಂಬಗಳು ತಮ್ಮ ನೆಲವನ್ನ ಒಟ್ಟು ಮಾಡಿ ಪ್ರಾಣಿಗಳಿಗೆ ಬಿಟ್ಟುಕೊಟ್ಟಿವೆ, ಅದಕ್ಕೆ ಕ್ಯಾಂಪುಗಳೋರು ಎಕರೆ ಲೆಕ್ಕದಲ್ಲಿ ಬಾಡಿಗೆ ಕಟ್ತಾರೆ. ಅಲ್ಲೂ ಜಗಳ ಇದೆ, ದನ ಮೇಯಿಸೋಕೆ ಜಾಗ ಸಾಲಲ್ಲ ಅನ್ನೋ ಕೂಗಿದೆ. ಆದರೆ ಸಿಂಹ ನೋಡೋಕೆ ಬಂದವನ ದುಡ್ಡಿನಲ್ಲಿ ಸಿಂಹದ ಪಕ್ಕ ಮಲಗೋನಿಗೆ ಪಾಲಿದೆ. ನಮ್ಮ ರೆಸಾರ್ಟಿನೋರು ಆಫ್ರಿಕಾದಿಂದ ಮುಖವಾಡ ತಂದರು, ಬೋಮಾ ತಂದರು, ಟೋಪಿ ತಂದರು. ಈ ಬಾಡಿಗೆ ಚೀಟಿಯೊಂದನ್ನ ಮಾತ್ರ ಅಲ್ಲೇ ಬಿಟ್ಟು ಬಂದರು.

ನಮ್ಮದೇ ಚರಿತ್ರೆ ತೆಗೆದು ನೋಡಿ. ಕಾಕನಕೋಟೆಯಲ್ಲಿ ಮಹಾರಾಜರ ಕಾಲದ ಖೆಡ್ಡಾ ದೊಡ್ಡ ದೊಡ್ಡ ಅತಿಥಿಗಳಿಗೆ ತಮಾಷೆ. ಆನೆ ಅಟ್ಟಿಕೊಂಡು ಬರ್ತಿದ್ದೋರು ಕಾಡುಕುರುಬರು, ಗ್ಯಾಲರಿಯಲ್ಲಿ ಕೂತು ನೋಡ್ತಿದ್ದೋರು ದೊರೆಗಳು. ಕೊನೇ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿದು ಆ ಕಾಡು, ಅಲ್ಲಿನ ಊರುಗಳು ಮುಳುಗಿದವು. ನಾವು ಬೋಟಿನಲ್ಲಿ ಹೋಗಿ ಫೋಟೊ ತಗೊಳ್ಳೋದು ಆ ಊರುಗಳ ಮೇಲಿಂದ. 1980ರಲ್ಲಿ ರಾಜ್ಯ ಸರ್ಕಾರ ನೇಪಾಳದ ಟೈಗರ್ ಟಾಪ್ಸ್ ಕಂಪನಿ ಜೊತೆ ಸೇರಿ ಜಂಗಲ್ ಲಾಡ್ಜಸ್ ಶುರು ಮಾಡಿತು, ಕಾರಾಪುರದಲ್ಲಿ ಹಳೇ ಬೇಟೆ ಬಂಗಲೆಗಳೇ ಲಾಡ್ಜಾದವು. ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರಂಥೋರು ಅಲ್ಲೇ ಇದ್ದು ಅದನ್ನ ಬೆಳೆಸಿದರು. ಅವರ ಪ್ರಾಣಿಪ್ರೀತಿ ಬಗ್ಗೆ ನನಗೆ ಅನುಮಾನವಿಲ್ಲ. ಆಮೇಲೆ ನಾಗರಹೊಳೆ ಕಾಡಿನೊಳಗೆ ಮೂರ್ಕಲ್‌ನಲ್ಲಿ ತಾಜ್ ಗುಂಪಿನ ಹೋಟೆಲಿಗೆ ಸರ್ಕಾರ ಗುತ್ತಿಗೆ ಕೊಟ್ಟಿತು. ‘ನಮ್ಮನ್ನ ಹೊರಗೆ ಹಾಕಿ ಹೋಟೆಲ್ ಒಳಗೆ ತರ್ತೀರಾ?’ ಅಂತ ಆದಿವಾಸಿಗಳು 1996ರಲ್ಲಿ ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರ ಜನವರಿಯಲ್ಲಿ ಹೈಕೋರ್ಟು ಅದು ಕಾನೂನಿಗೆ ವಿರುದ್ಧ ಅಂತ ಹೇಳಿತು. ಗೆದ್ದವರಿಗೆ ಏನು ಸಿಕ್ಕಿತು? 2025ರ ಮೇ ತಿಂಗಳಲ್ಲಿ ಜೇನುಕುರುಬರ ಕುಟುಂಬಗಳು ‘ಇದು ನಮ್ಮ ಹಾಡಿಯ ಜಾಗ’ ಅಂತ ನಾಗರಹೊಳೆಯ ಕರಡಿಕಲ್ಲು ಹತ್ತಿರ ಹೋಗಿ ಟಾರ್ಪಾಲಿನ್ ಕಟ್ಟಿಕೊಂಡು ಕೂರಬೇಕಾಯ್ತು. ಅವರ ಹಾಡಿ ಅಕ್ರಮ, ಹಾಡಿ ಥರ ಕಟ್ಟಿದ ಕಾಟೇಜು ಫೈವ್ ಸ್ಟಾರು.

ನೀವು ಹೇಳ್ತೀರ, ಪ್ರಾಣಿಗಳ ಜೊತೆ ಬಾಳೋದನ್ನ ಹಳ್ಳಿಯೋರು ಕಲೀಬೇಕು, ಸಹಬಾಳ್ವೆ ಅಂತ. ಸರಿ. ನಾವು ಎಷ್ಟು ಕಲ್ತಿದ್ದೀವಿ ನೋಡೋಣ. 2016ರ ಫೆಬ್ರವರಿ 7, ಭಾನುವಾರ. ವೈಟ್‌ಫೀಲ್ಡ್ ಕಡೆ ಕುಂದಲಹಳ್ಳಿಯ ಒಂದು ಖಾಸಗಿ ಶಾಲೆಗೆ ಚಿರತೆ ನುಗ್ಗಿತು. ಹಿಡಿಯೋಕೆ ಹೋದವರಿಗೆ ಗಾಯ. ಇಡೀ ದಿನ ಟೀವಿಯಲ್ಲಿ ಅದೇ. ಅದನ್ನ ಹಿಡಿದ ಮೇಲೂ ಇನ್ನೊಂದು ಕಂಡಿತಂತೆ ಅನ್ನೋ ಸುದ್ದಿಗೆ ನೂರಕ್ಕೂ ಹೆಚ್ಚು ಶಾಲೆಗಳಿಗೆ ರಜೆ. (ಹಿಡಿದ ಚಿರತೆ ಒಂದೇ ವಾರದಲ್ಲಿ ಬನ್ನೇರುಘಟ್ಟದ ಬೋನಿನಿಂದ ಪರಾರಿಯಾಯ್ತು, ಅದು ಬೇರೆ ಕಥೆ.) 2023ರ ಅಕ್ಟೋಬರ್ ಕೊನೆಗೆ ನಮ್ಮ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಕೂಡ್ಲು ಗೇಟಿನಲ್ಲಿ ಇನ್ನೊಂದು. ನಮ್ಮ ಮ್ಯಾನೇಜರ್ ಮನೆಯಿಂದಲೇ ಕೆಲಸ ಮಾಡಿ ಅಂತ ಮೇಲ್ ಹಾಕಿದರು. ಅಪಾರ್ಟ್‌ಮೆಂಟ್ ಗುಂಪಿನಲ್ಲಿ ‘ಇನ್ನೂ ಯಾಕೆ ಹಿಡಿದಿಲ್ಲ’ ಅಂತ ಕೂಗಾಟ. ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ, ಕಾರ್ಯಾಚರಣೆಯಲ್ಲಿ ಗುಂಡೇಟು ತಿಂದು ಆ ಚಿರತೆ ಸತ್ತಿತು. ಬೋನು ಬಂತು, ಡ್ರೋನು ಬಂತು, ಡಾಕ್ಟರು ಬಂದರು, ಕೆಲವೇ ದಿನಗಳಲ್ಲಿ ವಿಷಯ ಮುಗೀತು. ‘ಚಿರತೆ ಜೊತೆ ಬಾಳೋದನ್ನ ಕಲೀರಿ’ ಅಂತ ಕೂಡ್ಲು ಗೇಟಿಗೆ ಯಾರೂ ಬಂದು ಪಾಠ ಮಾಡಲಿಲ್ಲ. ನಮ್ಮೂರಲ್ಲಿ ಚಿರತೆ ಮೇಕೆ ಹೊತ್ತುಕೊಂಡು ಹೋದರೆ ಬೋನು ಬರೋ ಹೊತ್ತಿಗೆ ಇನ್ನೂ ನಾಲ್ಕು ಮೇಕೆ ಹೋಗಿರುತ್ತೆ. ಅಲ್ಲೂ ಮಕ್ಕಳು ಶಾಲೆಗೆ ಹೋಗ್ತಾರೆ, ನಡ್ಕೊಂಡು. ಅಷ್ಟು ದೂರ ಯಾಕೆ, ನಮ್ಮ ಆಫೀಸಿನ ಹಿಂದೆ ಆನೇಕಲ್ ತಾಲ್ಲೂಕು. ಬನ್ನೇರುಘಟ್ಟದ ಆನೆ ಅಲ್ಲಿನ ರಾಗಿ ಹೊಲಕ್ಕೂ ಇಳಿಯುತ್ತೆ. ಆ ಕಾಡಿನ ಸುತ್ತಲಿನ ಪರಿಸರ ಸೂಕ್ಷ್ಮ ವಲಯವನ್ನ 2020ರಲ್ಲಿ ಸುಮಾರು 268 ಚದರ ಕಿಲೋಮೀಟರಿನಿಂದ 168ಕ್ಕೆ ಇಳಿಸಿದಾಗ ಬೀದಿಗೆ ಬಂದೋರು ಬೆರಳೆಣಿಕೆ. ಆ ಕಡೆ ಫ್ಲ್ಯಾಟ್ ಬುಕ್ ಮಾಡಿದೋರು ನಮ್ಮ ಫ್ಲೋರಿನಲ್ಲೇ ಬೇಕಾದಷ್ಟು ಜನ ಇದ್ದಾರೆ.

ಇದನ್ನ ಊಟದ ಟೇಬಲಿನಲ್ಲಿ ಹೇಳಿದಾಗ ಬರೋ ಮೊದಲ ಉತ್ತರ: ‘ರೆಸಾರ್ಟಿನಿಂದ ಲೋಕಲ್ ಜನಕ್ಕೆ ಕೆಲಸ ಸಿಗುತ್ತಲ್ಲ?’ ಸಿಗುತ್ತೆ. ಕಾಫಿ ತಂದ ಆ ಹುಡುಗನಿಗೆ ಸಿಕ್ಕಿದೆ. ಆದರೆ ಊರಿಗೆ ಹತ್ತು ಮನೆಗೆ ಕೆಲಸ ಸಿಗಬಹುದು, ಆನೆ ಬರೋದು ಎಲ್ಲಾ ಮನೆಯ ಹೊಲಕ್ಕೆ. ಸಂಬಳ ದುಡಿದದ್ದಕ್ಕೆ ಕೊಡೋ ದುಡ್ಡು. ಅದು ಕಳೆದುಕೊಂಡ ರಾಗಿಗೆ ಲೆಕ್ಕ ಆಗಲ್ಲ. ಎರಡನೇ ಉತ್ತರ: ‘ನಿಮ್ಮೋರೇ ಅಲ್ವಾ ಬೇಲಿಗೆ ಕರೆಂಟ್ ಕೊಡೋದು, ವಿಷ ಹಾಕೋದು?’ ಇದಕ್ಕೆ ನಾನು ತಲೆ ತಗ್ಗಿಸ್ತೀನಿ. 2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ಹಸು ಕಳೆದುಕೊಂಡ ಸಿಟ್ಟಿಗೆ ಹಾಕಿದ್ದು. ಮಾದಪ್ಪನೇ ಹುಲಿ ಏರಿದ ದೇವರು, ಆತನ ಬೆಟ್ಟದಲ್ಲೇ ಹೀಗಾಯ್ತು. ತಪ್ಪು, ತಪ್ಪೇ. ಆ ಐದು ಹುಲಿಯನ್ನ ನೋಡೋಕೆ ನಾವು ಎಷ್ಟು ಸಾವಿರ ಕೊಡ್ತಿದ್ದೆವು ಅಂತ ಲೆಕ್ಕ ಹಾಕಬಲ್ಲೆವು, ಆ ಹಸು ಒಂದು ಮನೆಗೆ ಎಷ್ಟಾಗಿತ್ತು ಅಂತ ಮಾತ್ರ ನಮಗೆ ಲೆಕ್ಕ ಬರಲ್ಲ. ಕೆಲವರು ಸಫಾರಿಯಿಂದಲೇ ಹುಲಿ ಊರಿಗೆ ಬರ್ತಿವೆ ಅಂತಾರೆ. ನಾನು ಅಷ್ಟು ಸುಲಭಕ್ಕೆ ಒಪ್ಪಲ್ಲ. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿ. ಕಾಡು ಹಿಗ್ಗಿಲ್ಲ. ಬಂಡೀಪುರದ ಒಳಗೆ ಲಂಟಾನ ತುಂಬಿ ಹುಲ್ಲು ಕಮ್ಮಿಯಾಗಿದೆ. ಸಫಾರಿ ಪೂರ್ತಿ ಮುಚ್ಚಿ ಅಂತ ನಾನು ಕೇಳ್ತಿಲ್ಲ. ಮುಚ್ಚಿದರೆ ಆ ಹುಡುಗನ ಸಂಬಳವೂ ಹೋಗುತ್ತೆ, ರಾಗಿಯಂತೂ ಮೊದಲೇ ಹೋಗಿದೆ.

ಈಗ ನಿಜವಾದ ಸಂಕಟಕ್ಕೆ ಬರ್ತೀನಿ. ನಮ್ಮ ಗುಂಪಿನಲ್ಲಿ ರೀಫಂಡ್ ಕೇಳಿದ ಆ ಮಹಾನುಭಾವನೇ ಒಂದು ದಿನ ಕ್ಯಾಂಟೀನಿನಲ್ಲಿ ಪಕ್ಕ ಬಂದು ಕೂತ. ‘ಬ್ರೋ, ನಿನ್ನ ನೇಟಿವ್ ಬಂಡೀಪುರ ಅಲ್ವಾ? ಕಾಡಿಗೆ ಟಚ್ ಆಗೋ ಲ್ಯಾಂಡ್ ಇದ್ರೆ ಹೇಳು. ನಾಲ್ಕು ಜನ ಪಾರ್ಟ್‌ನರ್ಸ್. ಸಣ್ಣದಾಗಿ ಒಂದು ಲಾಡ್ಜ್, ಆಫ್ರಿಕನ್ ಬುಷ್ ಕ್ಯಾಂಪ್ ಥರ. ನೀನೂ ಬಾ.’ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ನಮ್ಮಂಥ ಸಂಬಳದೋರು ಹೊಲ ಕೊಳ್ಳೋಕೆ ಇದ್ದ ಅಡ್ಡಿ ಹೋಯ್ತು. ಬಂಡೀಪುರದ ಸುತ್ತ 2012ರಲ್ಲೇ ಪರಿಸರ ಸೂಕ್ಷ್ಮ ವಲಯ ಆಗಿದೆ, ಅಲ್ಲಿ ಹೊಸ ರೆಸಾರ್ಟಿಗೆ ಕಟ್ಟುಪಾಡು ಇದೆಯಲ್ಲ ಅಂದೆ. ‘ಹೋಂಸ್ಟೇ ಅಂತ ಮಾಡ್ಕೊಳ್ಳೋದು ಬ್ರೋ, ಅದೆಲ್ಲಾ ಮ್ಯಾನೇಜ್ ಆಗುತ್ತೆ.’ ಹೋಂಸ್ಟೇ ಅಂದರೆ ಹೋಮಿನಲ್ಲಿ ಯಾರಾದರೂ ವಾಸ ಇರಬೇಕಲ್ವಾ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅವನು ಹೇಳಿದ ರೇಟು ಕೇಳಿ ನನ್ನ ಬಾಯಿ ಕಟ್ಟಿತ್ತು. ಅಪ್ಪ ಮೂವತ್ತು ವರ್ಷ ರಾಗಿ ಬೆಳೆದರೂ ಅಷ್ಟು ಕಂಡಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ನಾನು ಅಂದುಕೊಂಡಿದ್ದು ಅಪ್ಪ ಸಿನಿಮಾದ ಥರ ‘ಭೂಮ್ತಾಯಿನ ಮಾರಕಿಲ್ಲ’ ಅಂತಾನೆ ಅಂತ. ಅಪ್ಪ ಅಂದದ್ದು ಬೇರೆ. ‘ಮಾರ್ಬುಡನ ಕಣ್ಲಾ ಮಗ. ನಂಗೂ ವಯಸ್ಸಾಯ್ತು, ನಿದ್ದೆ ಕೆಡಕ್ಕಾಗಕಿಲ್ಲ. ಆದ್ರೆ ಕೊಂಡ್ಕೊಂಡೋರು ಬೇಲಿ ಆಕೊಂಡು ಲೈಟ್ ಆಕಂತರೆ. ಆಗ ಆನೆ ನಮ್ ಹೊಲ ಬುಟ್ಟು ಆ ಪಕ್ಕದೋರ್ ಹೊಲಕ್ಕೆ ನುಗ್ತವೆ. ಅವ್ರು ನನ್ನ ಏನಂದಾರು?’ ಅಷ್ಟೇ ಹೇಳಿ ಫೋನಿಟ್ಟ. ಆನೆ ದಾರಿಯ ಬಗ್ಗೆ ಇಷ್ಟು ಸರಿಯಾಗಿ ಹೇಳಿದ ಇನ್ನೊಬ್ಬ ತಜ್ಞನನ್ನ ನಾನು ನೋಡಿಲ್ಲ. ಒಂದು ಹೊಲಕ್ಕೆ ಬೇಲಿ ಬಿದ್ದರೆ ಆನೆ ಮಾಯ ಆಗಲ್ಲ, ಮುಂದಿನ ಹೊಲಕ್ಕೆ ಹೋಗುತ್ತೆ. ನಮ್ಮ ಡೆಕ್ಕು, ನಮ್ಮ ಪೂಲು, ನಮ್ಮ ಜನರೇಟರು ಇದ್ದಷ್ಟೂ ಆ ಹೊರೆ ಪಕ್ಕದ ಬಡವನ ತಲೆ ಮೇಲೆ. ಅದನ್ನ ಇಕೋ ಟೂರಿಸಂ ಅಂತ ಕರೆಯೋಕೆ ನಾಲಿಗೆ ಹೇಗೆ ಹೊರಳುತ್ತೆ?

ಮಾಡೋಕೆ ದಾರಿ ಇಲ್ಲ ಅಂತಲ್ಲ. ಹುಲಿ ಪ್ರಾಧಿಕಾರ 2012ರ ಅಕ್ಟೋಬರಿನಲ್ಲಿ ಹೊರಡಿಸಿದ ಪ್ರವಾಸೋದ್ಯಮದ ಮಾರ್ಗಸೂಚಿಯಲ್ಲೇ ಇದೆ: ಹುಲಿ ಕಾಡಿನ ಸುತ್ತಲಿನ ಪ್ರವಾಸೋದ್ಯಮದಿಂದ ಸಂರಕ್ಷಣಾ ಶುಲ್ಕ ತಗೊಂಡು ಸ್ಥಳೀಯ ಜನರಿಗೆ, ಕಾಡಿಗೆ ಬಳಸಬೇಕು ಅಂತ. ಒಂದು ರೂಮಿಗೆ ಒಂದು ರಾತ್ರಿಗೆ ಇಪ್ಪತ್ತು, ಮೂವತ್ತು ಸಾವಿರ ಕೊಡೋ ನಮ್ಮ ಹತ್ರ ಇನ್ನೊಂದು ಎರಡು ಸಾವಿರ ಕಿತ್ತುಕೊಳ್ಳಿ, ನಾವು ಕೊಡ್ತೀವಿ. ಏರ್‌ಪೋರ್ಟ್ ಟೋಲಿಗೆ, ಸರ್ವಿಸ್ ಚಾರ್ಜಿಗೆ ಕೊಡಲ್ವಾ? ಆದರೆ ಆ ದುಡ್ಡು ವಿಧಾನಸೌಧಕ್ಕೆ ಹೋಗಿ ಬರಬಾರದು. ಆ ಪಂಚಾಯ್ತಿಯ ಬೋರ್ಡಿನ ಮೇಲೆ ಬರೀಬೇಕು: ಈ ತಿಂಗಳು ಇಷ್ಟು ರೂಮು ತುಂಬಿತ್ತು, ಇಷ್ಟು ಬಂತು, ಇಷ್ಟು ಮನೆಗೆ ಹೋಯ್ತು. ಪಹಣಿ ತಾತನ ಹೆಸರಲ್ಲಿದ್ದರೂ ಉಳುಮೆ ಮಾಡೋನ ಕೈಗೆ ಸಿಗಬೇಕು. ಹಾಡಿಗೂ ಪಾಲು ಬೇಕು, ಹೊಲ ಇಲ್ಲದ ಕೂಲಿಯವನಿಗೂ ಬೇಕು. ಹುಲಿ ಬಾಯಿಗೆ ಸಿಗೋರಲ್ಲಿ ಅವನೂ ಇದ್ದಾನೆ. ಇದಕ್ಕೆ ಒಪ್ಪದ ರೆಸಾರ್ಟಿಗೆ ಸಫಾರಿ ಜೀಪಿನ ಸೀಟು ಇಲ್ಲ ಅಂದರೆ ಸಾಕು, ಒಂದೇ ವಾರದಲ್ಲಿ ಎಲ್ಲರೂ ಒಪ್ತಾರೆ. ನಾವು ಬುಕ್ ಮಾಡೋವಾಗ ಕರಿಚಿರತೆ ಕಾಣಿಸುತ್ತಾ, ವೈಫೈ ಇದೆಯಾ, ಜೈನ್ ಫುಡ್ ಇದೆಯಾ ಅಂತೆಲ್ಲಾ ಕೇಳ್ತೀವಲ್ಲ, ಅದೇ ಫೋನಲ್ಲಿ ‘ಊರಿಗೆ ಎಷ್ಟು ಕೊಡ್ತೀರಿ?’ ಅಂತ ಒಂದು ಸಲ ಕೇಳೋಣ. ನಾನು ಮೂರು ಕಡೆ ಫೋನ್ ಮಾಡಿ ಕೇಳಿದೆ. ಒಬ್ಬರು ಶಾಲೆಗೆ ಬ್ಯಾಗ್ ಹಂಚಿದ್ದೀವಿ ಅಂದರು. ಇಬ್ಬರು ಪ್ರಶ್ನೆ ಅರ್ಥ ಆಗಲಿಲ್ಲ, ಮತ್ತೊಮ್ಮೆ ಹೇಳಿ ಸರ್ ಅಂದರು.

ಕಡೆಗೊಂದು ದಿನ ಆ ವಾಟ್ಸಾಪ್ ಗುಂಪಿನಲ್ಲಿ ನಾನೂ ಬರೆದೆ. ‘ಕಬಿನಿ ಕ್ಯಾನ್ಸಲ್ ಆದೋರು ನಮ್ಮೂರಿಗೆ ಬರಬಹುದು. ಹುರುಳಿ ಕೊಯ್ಲು ಮುಗಿಯೋತನಕ ಅಟ್ಟಣೆ ಇರುತ್ತೆ, ಇಬ್ಬರಿಗೆ ಜಾಗ ಇದೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದು. ಪಟಾಕಿ ನಮ್ಮದು, ಬ್ಯಾಟ್ರಿ ನೀವು ತರಬೇಕು. ಬಾಡಿಗೆ ಅಪ್ಪನ ಕೈಗೇ ಕೊಡಬೇಕು.’ ಇಬ್ಬರು ನಗೋ ಇಮೋಜಿ ಹಾಕಿದರು. ಒಬ್ಬಳು ಅಟ್ಯಾಚ್ಡ್ ಬಾತ್‌ರೂಮ್ ಇದೆಯಾ ಅಂತ ಕೇಳಿದಳು. ಲ್ಯಾಂಡ್ ಕೇಳಿದ್ದ ಆ ಮಹಾನುಭಾವ ಪರ್ಸನಲ್ ಮೆಸೇಜ್ ಹಾಕಿದ: ‘ಬ್ರೋ, ಕಾನ್ಸೆಪ್ಟ್ ಸೂಪರ್. ಇದನ್ನೇ ಪ್ಯಾಕೇಜ್ ಮಾಡೋಣ್ವಾ?’